ಮಂಗಳೂರಿನಲ್ಲಿ ಮನೆ ಕೊಳ್ಳುವುದಾ, ಬೇಡವಾ? ಆಟಿಯಲ್ಲಿ ಹೋಗಿ ನೋಡಿ

ಮಾರ್ಚ್ ತಿಂಗಳಲ್ಲಿ ನಾವೊಂದು ಮನೆ ನೋಡಿದ್ದೆವು. ಆರು ಸೆಂಟ್ಸ್ ಜಾಗ, ಟೆರೇಸ್ ಮನೆ, ಎದುರಿಗೆ ಎರಡು ತೆಂಗಿನ ಮರ, ಹೊಸದಾಗಿ ಬಳಿದ ತಿಳಿ ಹಳದಿ ಬಣ್ಣ. ಮಕ್ಕಳು ಆಗಲೇ ರೂಮು ಹಂಚಿಕೊಂಡಿದ್ದರು. ಬ್ಯಾಂಕಿನ ಕಾಗದಪತ್ರ ಎಲ್ಲ ಆಗುವಷ್ಟರಲ್ಲಿ ಜುಲೈ ಮಧ್ಯ ಬಂತು. ಮುಂಗಡ ಕೊಡಲು ಹೊರಟಾಗ ದೊಡ್ಡಮ್ಮ ತಡೆದರು. "ಆಟಿಯಲ್ಲಿ ಬೇಡ ಮಗಾ. ಸೋಣ ಬರಲಿ, ಆಮೇಲೆ ಕೊಡು" ಅಂದರು. ತುಳುನಾಡಿನಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳಲ್ಲಿ ಶುಭಕಾರ್ಯ ಮಾಡುವುದಿಲ್ಲ. ಸೋಣ ಅದರ ಮುಂದಿನ ತಿಂಗಳು. ಹಿರಿಯರ ಮಾತು ಯಾಕೆ ಮೀರುವುದು ಅಂತ ನಾವೂ ನಿಂತೆವು. ಹಾಗೆ ಕಾಯುತ್ತಿದ್ದಾಗ ಒಂದು ದಿನ, ಸುಮ್ನೆ ನೋಡಿ ಬರೋಣ ಅಂತ, ಜೋರು ಮಳೆಯಲ್ಲೇ ಆ ಮನೆಗೆ ಹೋದೆವು.

ಬಾಗಿಲು ತೆಗೆದ ಕೂಡಲೇ ಒದ್ದೆ ಗೋಣಿಯ ವಾಸನೆ. ಪಶ್ಚಿಮದ ಕೋಣೆಯ ಗೋಡೆಯಲ್ಲಿ ಆ ಹಳದಿ ಬಣ್ಣ ಹಪ್ಪಳದ ಹಾಗೆ ಉಬ್ಬಿ ನಿಂತಿತ್ತು. ನನ್ನ ಹೆಂಡತಿ ಬೆರಳಿನಿಂದ ಮೆಲ್ಲಗೆ ಒತ್ತಿದಳು. ಬಣ್ಣ ಒಡೆದು, ಒಳಗಿನಿಂದ ಕೆಂಪು ನೀರು ಅವಳ ಮಣಿಕಟ್ಟಿನವರೆಗೆ ಇಳಿಯಿತು. ಅಡುಗೆಮನೆಯಲ್ಲಿ ಟೈಲ್ಸ್ ಸಂದಿಯಿಂದ ನೀರು ಒಸರುತ್ತಿತ್ತು. ಹಿತ್ತಿಲಿನ ಗುಡ್ಡದ ನೀರು ಅಡಿಪಾಯದ ಕೆಳಗೆ ನುಗ್ಗಿ ಮನೆಯೊಳಗೆ ದಾರಿ ಮಾಡಿಕೊಂಡಿತ್ತು. ಮಾರ್ಚ್‌ನಲ್ಲಿ ಇದರ ಒಂದು ಸುಳಿವೂ ನಮಗೆ ಸಿಕ್ಕಿರಲಿಲ್ಲ.

ಆ ಮನೆ ನಾವು ಕೊಳ್ಳಲಿಲ್ಲ. ಆಮೇಲೆ ಎರಡು ವರ್ಷ ಹುಡುಕಿ ಬೇರೆ ಮನೆ ತೆಗೆದುಕೊಂಡೆವು. ಅಷ್ಟರಲ್ಲಿ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿಗೆ ಬೀಳುವುದು ಸಾವಿರದ ಆಸುಪಾಸು. ಹಾಗಾಗಿ ಬೆಂಗಳೂರಿನಲ್ಲಿ ಮನೆ ಕೊಂಡ ಭಾವನೋ ಅಣ್ಣನೋ ಹೇಳುವ ಬುದ್ಧಿಮಾತು ಇಲ್ಲಿಗೆ ಅರ್ಧ ಮಾತ್ರ ಹೊಂದುತ್ತದೆ.

ಹೆಜ್ಜೆ 1: ಆ ಮನೆಯಲ್ಲಿ ಯಾರು ಇರುತ್ತಾರೆ?

ರೇಟು ಕೇಳುವ ಮೊದಲು ಇದನ್ನು ಕೇಳಿಕೊಳ್ಳಿ. ಮುಂದಿನ ಏಳೆಂಟು ವರ್ಷ ನೀವು ಈ ಊರಿನಲ್ಲೇ ಇರುತ್ತೀರಾ? ಕೆಲಸ ಇಲ್ಲೇನಾ? ಮಕ್ಕಳ ಶಾಲೆ ಇಲ್ಲೇನಾ? ಅಪ್ಪ ಅಮ್ಮ ಜೊತೆಗೆ ಬರುತ್ತಾರಾ? ಎಲ್ಲದಕ್ಕೂ ಹೌದು ಅಂತಾದರೆ ಮುಂದಿನ ಹೆಜ್ಜೆಗೆ ಹೋಗಿ.

ದುಬೈಯಲ್ಲೋ ಬೆಂಗಳೂರಿನಲ್ಲೋ ಇದ್ದುಕೊಂಡು, "ರಿಟೈರ್ ಆದ ಮೇಲೆ ಊರಿಗೆ ಬಂದಾಗ ಬೇಕಲ್ಲ" ಅಂತ ಈಗಲೇ ಕೊಳ್ಳುವವರು ನಮ್ಮಲ್ಲಿ ಜಾಸ್ತಿ. ಅವರಿಗೆ ನನ್ನದು ಒಂದೇ ಮಾತು: ದಯವಿಟ್ಟು ಬೇಡ. ಕರಾವಳಿಯಲ್ಲಿ ಬೀಗ ಹಾಕಿದ ಮನೆ ಬೇಗ ಹಾಳಾಗುತ್ತದೆ. ನಾಲ್ಕು ತಿಂಗಳು ಕಿಟಕಿ ತೆರೆಯದಿದ್ದರೆ ಗೋದ್ರೇಜ್ ಕಪಾಟಿನ ಒಳಗಿನ ಸೀರೆಗೂ ಬೂಷ್ಟು ಹಿಡಿಯುತ್ತದೆ. ಚಿಲಕಗಳಿಗೆ ತುಕ್ಕು, ಬಾಗಿಲಿನ ಚೌಕಟ್ಟಿಗೆ ಗೆದ್ದಲು, ಟೆರೇಸಿನ ಪೈಪಿಗೆ ತರಗೆಲೆ ಕಟ್ಟಿ ಮೇಲೆಲ್ಲ ನೀರು. ಜನ ಇದ್ದು ಗುಡಿಸಿ, ಒರೆಸಿ, ಕಿಟಕಿ ತೆಗೆದು ಹಾಕಿದರೆ ಮಾತ್ರ ಇಲ್ಲಿ ಮನೆ ಮನೆಯಾಗಿ ಉಳಿಯುತ್ತದೆ. ಬರುವುದು ಹತ್ತು ವರ್ಷ ಬಿಟ್ಟು ಅಂತಾದರೆ ದುಡ್ಡನ್ನು ಬೇರೆ ಕಡೆ ಇಡಿ, ಬಂದ ಮೇಲೆ ಕೊಳ್ಳಿ.

ಅಪ್ಪ ಅಮ್ಮ ಜೊತೆಗಿದ್ದರೆ ಇನ್ನೊಂದು ವಿಷಯ ನೋಡಿ. ನಮ್ಮ ಊರು ಗುಡ್ಡದ ಮೇಲೆ ಗುಡ್ಡ. ಬಿಜೈ, ಕದ್ರಿ, ಬೆಂದೂರು, ಶಕ್ತಿನಗರ, ಎಲ್ಲ ಕಡೆ ಏರು ಇಳಿಜಾರು. ಗೇಟಿನಿಂದ ಬಸ್ ಸ್ಟಾಪಿಗೆ ಹೋಗುವ ದಾರಿಯನ್ನು ಮಳೆಯಲ್ಲಿ, ಕೊಡೆ ಹಿಡಿದು, ಒಮ್ಮೆ ಅಮ್ಮನ ಕೈಹಿಡಿದು ನಡೆದು ನೋಡಿ. ಪಾಚಿ ಕಟ್ಟಿದ ಇಳಿಜಾರು ಇದ್ದರೆ ವರ್ಷದಲ್ಲಿ ನಾಲ್ಕು ತಿಂಗಳು ಅವರು ಮನೆಯಿಂದ ಹೊರಗೆ ಹೆಜ್ಜೆ ಇಡುವುದಿಲ್ಲ.

ಹೆಜ್ಜೆ 2: ಬಾಡಿಗೆ ಒಂದು ಕಡೆ, ಸಾಲ ಇನ್ನೊಂದು ಕಡೆ

ಒಂದು ಹಾಳೆ ತೆಗೆದುಕೊಳ್ಳಿ. 70 ಲಕ್ಷದ ಫ್ಲಾಟ್, ಅಂಥದ್ದೇ ಫ್ಲಾಟಿಗೆ ತಿಂಗಳ ಬಾಡಿಗೆ 18,000 ಅಂತ ಇಟ್ಟುಕೊಳ್ಳೋಣ.

30 ಲಕ್ಷ ದಾಟಿದ, 75 ಲಕ್ಷದ ಒಳಗಿನ ಗೃಹಸಾಲಕ್ಕೆ ಬ್ಯಾಂಕ್ ಮನೆ ಬೆಲೆಯ 80% ವರೆಗೆ ಮಾತ್ರ ಕೊಡಬಹುದು. ಸಿಗುತ್ತದೆ ಅಂತ ಪೂರ್ತಿ ತೆಗೆಯುವುದು ಬೇಡ. 50 ಲಕ್ಷ ಸಾಲ, 20 ಲಕ್ಷ ಕೈಯಿಂದ ಅನ್ನೋಣ. ಇದರ ಮೇಲೆ ರಿಜಿಸ್ಟ್ರೇಷನ್ ಖರ್ಚು ಇದೆ. ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್ಸು, ಸರ್ಚಾರ್ಜು ಸೇರಿ ನಗರದಲ್ಲಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1% ಇದ್ದದ್ದು 2% ಆಯಿತು. ಒಟ್ಟು 7.6%. ಅಂದರೆ 70 ಲಕ್ಷಕ್ಕೆ 5.32 ಲಕ್ಷ. ಈ ದುಡ್ಡು ನಿಮ್ಮ ಕೈಯಿಂದಲೇ ಹೋಗಬೇಕು, ಸಾಲದಲ್ಲಿ ಸೇರುವುದಿಲ್ಲ. ಕಟ್ಟುತ್ತಿರುವ ಫ್ಲಾಟ್ ಆದರೆ ಸಾಮಾನ್ಯವಾಗಿ 5% ಜಿಎಸ್‌ಟಿ ಬೇರೆ. ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ.

ಈಗ ಸಾಲ. 50 ಲಕ್ಷ, 8.5% ಬಡ್ಡಿ, 20 ವರ್ಷ. ಇಎಂಐ ಸುಮಾರು 43,400. ಮೊದಲ ಕಂತಿನಲ್ಲಿ 35,400 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ಎಂಟು ಸಾವಿರ. ಐದು ವರ್ಷ ತಪ್ಪದೆ ಕಟ್ಟಿದರೆ ನೀವು ಕೊಟ್ಟದ್ದು 26 ಲಕ್ಷ. ಸಾಲ ಇಳಿದದ್ದು ಬರೀ 6 ಲಕ್ಷ. ಇನ್ನೂ 44 ಲಕ್ಷ ಬಾಕಿ ಇರುತ್ತದೆ. ಇದನ್ನು ಮೊದಲ ಸಲ ಲೆಕ್ಕ ಹಾಕಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲ ವರ್ಷ ವಾಪಸು ಬಾರದೆ ಹೋಗುವ ದುಡ್ಡು ಎಷ್ಟು? ಬಡ್ಡಿ 4.2 ಲಕ್ಷ. ಮೆಂಟೆನೆನ್ಸ್ ತಿಂಗಳಿಗೆ 3,000 ಅಂದರೂ 36,000. ಕೈಯಿಂದ ಹಾಕಿದ 20 ಲಕ್ಷ, ರಿಜಿಸ್ಟ್ರೇಷನ್ ಖರ್ಚು ಸೇರಿ ನಿಮ್ಮ 25 ಲಕ್ಷ ಬ್ಯಾಂಕಿನಲ್ಲೇ ಇದ್ದಿದ್ದರೆ 6.5% ಲೆಕ್ಕದಲ್ಲಿ ಬರುತ್ತಿದ್ದ ಬಡ್ಡಿ 1.6 ಲಕ್ಷ. ಎಲ್ಲ ಸೇರಿ ಆರು ಲಕ್ಷ ದಾಟಿತು. ಬಾಡಿಗೆ ಆದರೆ ವರ್ಷಕ್ಕೆ 2.16 ಲಕ್ಷ. ನಡುವಿನ ಅಂತರ ಹತ್ತಿರ ಹತ್ತಿರ 4 ಲಕ್ಷ. ಆ ಫ್ಲಾಟಿನ ಬೆಲೆ ವರ್ಷಕ್ಕೆ 5.5–6% ಏರುತ್ತಾ ಹೋದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಹಳೇ ಫ್ಲಾಟುಗಳ ಬೆಲೆ ಹಾಗೆ ಏರಿದೆಯಾ ಅಂತ ಅದೇ ಬೀದಿಯಲ್ಲಿ ವಿಚಾರಿಸಿ. ನೆಲ ಬೆಲೆ ಏರುತ್ತದೆ, ಕಟ್ಟಡ ಹಳತಾಗುತ್ತದೆ. ಫ್ಲಾಟಿನಲ್ಲಿ ನಿಮ್ಮ ಪಾಲಿಗೆ ನೆಲ ಬರುವುದು ಸ್ವಲ್ಪವೇ.

ಇಷ್ಟೆಲ್ಲ ಬೇಡ ಅನ್ನುವವರಿಗೆ ಒಂದು ಸುಲಭದ ಅಳತೆ ಇದೆ. ಮನೆಯ ಬೆಲೆಯನ್ನು ಒಂದು ವರ್ಷದ ಬಾಡಿಗೆಯಿಂದ ಭಾಗಿಸಿ. ಮೇಲಿನ ಫ್ಲಾಟಿಗೆ 32 ಬರುತ್ತದೆ. 25ರ ಒಳಗೆ ಬಂದರೆ ಕೊಳ್ಳುವ ಯೋಚನೆ ಮಾಡಬಹುದು. 30 ದಾಟಿದರೆ, ಬೇರೆ ಗಟ್ಟಿ ಕಾರಣ ಇಲ್ಲದಿದ್ದರೆ, ಬಾಡಿಗೆಯಲ್ಲೇ ಇರಿ ಅನ್ನುತ್ತೇನೆ ನಾನು. ಗಟ್ಟಿ ಕಾರಣ ಅಂದರೆ ಮೂರು ಸಲ ಮನೆ ಬದಲಿಸಿ ಮಗಳ ಓದು ಕೆಟ್ಟದ್ದು, ಹಾಸಿಗೆ ಹಿಡಿದ ಮಾವನಿಗೆ ಮನೆ ಮಾಲಿಕರು ಬಾತ್‌ರೂಮಿನಲ್ಲಿ ಹಿಡಿಕೆ ಹಾಕಲು ಬಿಡದ್ದು, ಇಂಥವು. ಇವಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ, ನಾನು ಒಪ್ಪುತ್ತೇನೆ. "ಬಾಡಿಗೆ ಕೊಡುವುದು ದಂಡ" ಅನ್ನುವ ಮಾತು ಮಾತ್ರ ಕಾರಣ ಅಲ್ಲ. ಬಡ್ಡಿಯೂ ಹೋದ ದುಡ್ಡೇ ಅಲ್ವಾ?

ತೆರಿಗೆ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಿಮ್ಮ ತೆರಿಗೆ ಪದ್ಧತಿ ಯಾವುದು ನೋಡಿ. ಹೊಸ ಪದ್ಧತಿಯಲ್ಲಿ ನಾವೇ ವಾಸ ಮಾಡುವ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೂ ಇಎಂಐ ಒಬ್ಬರ ಸಂಬಳದಲ್ಲಿ ಕಷ್ಟಪಟ್ಟಾದರೂ ಕಟ್ಟುವಂತಿರಲಿ.

ಹೆಜ್ಜೆ 3: ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ

ಮನೆ ನೋಡುವ ಮೊದಲು ನೆಲ ನೋಡಿ. ಇಲ್ಲಿ ನೀರಿನ ಕಾಟ ಎರಡು ಬಗೆ. ತಗ್ಗಿನಲ್ಲಿ ನೆರೆ, ಎತ್ತರದಲ್ಲಿ ಗುಡ್ಡ ಕುಸಿತ.

2018ರ ಮೇ 29ರ ಮಳೆ ಮಂಗಳೂರಿನವರಿಗೆ ಮರೆಯುವುದಿಲ್ಲ. ಒಂದೇ ದಿನದಲ್ಲಿ ನಗರದ ತಗ್ಗು ಪ್ರದೇಶಗಳ ಮನೆ, ಅಂಗಡಿಗಳಿಗೆಲ್ಲ ನೀರು ನುಗ್ಗಿತ್ತು. ಕೊಟ್ಟಾರ ಚೌಕಿ, ಪಂಪ್‌ವೆಲ್, ಜೆಪ್ಪಿನಮೊಗರು ಕಡೆ ಈಗಲೂ ಜೋರು ಮಳೆ ಬಂದರೆ ರಸ್ತೆ ತುಂಬುತ್ತದೆ. ಮನೆ ನೋಡಲು ಹೋದಾಗ ಹತ್ತಿರದ ಅಂಗಡಿಯಲ್ಲಿ ಒಂದು ಚಾ ಕುಡಿದು, "2018ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು?" ಅಂತ ಕೇಳಿ. ಅಂಗಡಿಯವರು ಕೈ ತೋರಿಸಿ ಗೋಡೆಯಲ್ಲಿ ಗುರುತು ಹೇಳುತ್ತಾರೆ. ಬ್ರೋಕರ್‌ಗಿಂತ, ಮಾರುವವರಿಗಿಂತ ಈ ಮಾತು ನಂಬಿ.

ಹೊಸ ಲೇಔಟ್ ಆದರೆ, ಅಲ್ಲಿ ಮೊದಲು ಏನಿತ್ತು ಕೇಳಿ. ಬೈಲು, ಗದ್ದೆ ಅಂತ ಉತ್ತರ ಬಂದರೆ ಎಚ್ಚರ. ಗದ್ದೆಗೆ ಮಣ್ಣು ತುಂಬಿದರೂ ನೀರು ಅದೇ ದಾರಿ ಹುಡುಕಿಕೊಂಡು ಬರುತ್ತದೆ. ಅಕ್ಕಪಕ್ಕದ ತೋಡು (ಮಳೆನೀರು ಹರಿಯುವ ಸಣ್ಣ ಕಾಲುವೆ) ಎಷ್ಟು ಅಗಲ ಇತ್ತು, ಈಗ ಎಷ್ಟಿದೆ, ಮೇಲೆ ಸ್ಲ್ಯಾಬ್ ಹಾಕಿ ಮುಚ್ಚಿದ್ದಾರಾ, ಇವನ್ನೆಲ್ಲ ಹಳಬರ ಹತ್ತಿರ ಕೇಳಿ.

ಎತ್ತರದ ಜಾಗ ಅಂತ ನಿಶ್ಚಿಂತೆಯಿಂದ ಇರುವ ಹಾಗೂ ಇಲ್ಲ. ಗುಡ್ಡ ಕಡಿದು ಸೈಟು ಮಾಡಿದ್ದರೆ ಹಿಂದಿನ ಬರೆ (ಕಡಿದ ಗುಡ್ಡದ ಕಡಿದಾದ ಬದಿ) ಎಷ್ಟು ಎತ್ತರ, ಅದಕ್ಕೆ ತಡೆಗೋಡೆ ಇದೆಯಾ ನೋಡಿ. ಗೋಡೆಯಲ್ಲಿ ನೀರು ಹೊರಬರಲು ಪೈಪು ಬಿಟ್ಟಿರಬೇಕು. ಮಳೆಗಾಲದಲ್ಲಿ ಆ ಪೈಪಿನಿಂದ ನೀರು ಸುರಿಯುತ್ತಿದ್ದರೆ ಒಳ್ಳೆಯದು. ಪೈಪೇ ಇಲ್ಲದೆ ಗೋಡೆ ಹೊಟ್ಟೆ ಬಿಟ್ಟ ಹಾಗೆ ಮುಂದಕ್ಕೆ ಬಾಗಿದ್ದರೆ ಆ ಮನೆ ಬಿಟ್ಟುಬಿಡಿ, ಎಷ್ಟೇ ಕಡಿಮೆಗೆ ಕೊಟ್ಟರೂ. 2025ರ ಮೇ 30ರಂದು ಉಳ್ಳಾಲ ತಾಲೂಕಿನ ಮಂಜನಾಡಿಯಲ್ಲಿ ಗುಡ್ಡ ಮನೆ ಮೇಲೆ ಕುಸಿದು ಪುಟ್ಟ ಮಕ್ಕಳ ಜೀವ ಹೋಯಿತು. ಬರೆಯ ಕೆಳಗೆ ಮಕ್ಕಳ ಕೋಣೆ ಇರುವ ಮನೆ ನೋಡಿದರೆ ನನಗೆ ಅದೇ ನೆನಪಾಗುತ್ತದೆ.

ನಿಮ್ಮ ಸೈಟಿನ ಮೇಲ್ಗಡೆ ಏನಿದೆ ಅನ್ನುವುದನ್ನೂ ನೋಡಿ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಜಾರಿ ಕೆಳಗಿನ ಮಂದಾರದ ತೋಟ, ಮನೆಗಳನ್ನು ಮುಚ್ಚಿತು. ಆ ಮನೆಗಳವರು ಕಸ ಹಾಕಿದವರಲ್ಲ.

ಕಡಲ ಬದಿಯ ಆಸೆ ಎಲ್ಲರಿಗೂ ಇರುತ್ತದೆ. ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡೆ ಕಡಲ್ಕೊರೆತ ಪ್ರತಿ ಮಳೆಗಾಲದ ಸುದ್ದಿ. ಕಡಲು, ನದಿ, ಅಳಿವೆಯ ಹತ್ತಿರದ ಜಾಗಕ್ಕೆ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬೇರೆ ಇದೆ. ನಾಳೆ ಮನೆ ದೊಡ್ಡದು ಮಾಡಲು, ಹೊಸದಾಗಿ ಕಟ್ಟಲು ಅನುಮತಿ ಸಿಗುತ್ತದಾ ಅಂತ ಮೊದಲೇ ತಿಳಿದುಕೊಳ್ಳಿ.

ಹೆಜ್ಜೆ 4: ಮಳೆ ಸುರಿಯುವಾಗ ಮನೆಯೊಳಗೆ

ಆಟಿಯಲ್ಲಿ ಬ್ರೋಕರ್‌ಗಳಿಗೂ ಕೆಲಸ ಕಡಿಮೆ. ಫೋನ್ ಮಾಡಿದರೆ ಖುಷಿಯಲ್ಲೇ ತೋರಿಸುತ್ತಾರೆ. ಎರಡು ಮೂರು ದಿನ ಬಿಡದೆ ಮಳೆ ಸುರಿದ ಮೇಲೆ ಹೋಗಿ. ಮೊದಲ ದಿನ ಗೋಡೆ ನೀರು ಕುಡಿಯುತ್ತದೆ, ಮೂರನೇ ದಿನ ಕಕ್ಕುತ್ತದೆ.

ಮೊದಲು ಮೂಗು. ಬಾಗಿಲು ತೆಗೆದ ಕೂಡಲೇ ಬರುವ ವಾಸನೆ ಗಮನಿಸಿ. ಎರಡು ನಿಮಿಷ ಆದರೆ ಮೂಗು ಒಗ್ಗಿಹೋಗುತ್ತದೆ. ಊದುಬತ್ತಿಯೋ ರೂಮ್ ಫ್ರೆಶ್‌ನರೋ ಜೋರಾಗಿ ಹೊಡೆಯುತ್ತಿದ್ದರೆ ಕಿಟಕಿ ತೆಗೆಸಿ, ಹೊರಗೆ ಹೋಗಿ, ಮತ್ತೆ ಒಳಗೆ ಬನ್ನಿ.

ಆಮೇಲೆ ಕೈ. ಪಶ್ಚಿಮ ಮತ್ತು ನೈಋತ್ಯದ ಗೋಡೆಗಳಿಗೆ ಅಂಗೈ ಇಟ್ಟು ನೋಡಿ. ನಮ್ಮ ಮಳೆ ಕಡಲ ಕಡೆಯಿಂದ ಗಾಳಿಯ ಜೊತೆ ಬಂದು ಆ ಗೋಡೆಗಳಿಗೇ ಬಡಿಯುತ್ತದೆ. ಇಲ್ಲಿ ಗೋಡೆ ಕಟ್ಟುವ ಕೆಂಪುಕಲ್ಲಿನಲ್ಲಿ ಸಣ್ಣ ಸಣ್ಣ ತೂತು ತುಂಬ. ಹೊರಗಿನ ಗಾರೆಯಲ್ಲಿ ಕೂದಲೆಳೆಯ ಬಿರುಕು ಇದ್ದರೂ ನೀರು ಒಳಗೆ ಹೋಗಿ ಕೂರುತ್ತದೆ. ಕಿಟಕಿ ಮೇಲಿನ ಸನ್‌ಶೇಡ್ ಅಗಲ ಇದೆಯಾ ನೋಡಿ. ಹೊಸ ಕಟ್ಟಡಗಳಲ್ಲಿ ಚಂದ ಕಾಣಲಿ ಅಂತ ಸನ್‌ಶೇಡೇ ಇಲ್ಲದೆ ಬೋಳಾಗಿ ಬಿಡುತ್ತಾರೆ. ಬೇರೆ ಊರಿಗೆ ಅದು ಹೊಂದಬಹುದು. ಇಲ್ಲಿ ನಾಲ್ಕು ತಿಂಗಳು ಕಿಟಕಿ ಮುಚ್ಚಿಯೇ ಕೂರಬೇಕಾಗುತ್ತದೆ, ಇಲ್ಲದಿದ್ದರೆ ಎರಚಲು ಹಾಸಿಗೆವರೆಗೆ ಬರುತ್ತದೆ.

ಮಳೆಗಾಲಕ್ಕೆ ಕಾಯಲು ಆಗದವರು ಬಿಸಿಲುಗಾಲದಲ್ಲೇ ಕೆಲವು ಗುರುತು ಹುಡುಕಬಹುದು. ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಯಾಕೆ? ಕಪಾಟನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ಸ್ವಲ್ಪ ಸರಿಸಿ ಹಿಂದೆ ನೋಡಿ. ಸ್ವಿಚ್‌ಬೋರ್ಡಿನ ಸ್ಕ್ರೂಗಳಿಗೆ ತುಕ್ಕು ಹಿಡಿದಿದ್ದರೆ ಆ ಗೋಡೆ ಒದ್ದೆಯಾಗುತ್ತದೆ ಅಂತಲೇ ಅರ್ಥ. ನೆಲದಿಂದ ಎರಡಡಿ ಎತ್ತರದವರೆಗೆ ಬಿಳಿ ಉಪ್ಪು ಹುಡಿಹುಡಿಯಾಗಿ ಏಳುತ್ತಿದ್ದರೆ ಅಡಿಪಾಯದಿಂದ ತೇವ ಏರುತ್ತಿದೆ. ನಾವು ಮಾರ್ಚ್‌ನಲ್ಲಿ ನೋಡಿದ ಮನೆಯಲ್ಲಿ ಈ ಉಪ್ಪು ಇದ್ದೇ ಇತ್ತು. ಅದರ ಮುಂದೆ ಹೂಕುಂಡ ಇಟ್ಟಿದ್ದರು. ಸರಿಸಿ ನೋಡಬೇಕು ಅಂತ ಆಗ ನಮಗೆ ಹೊಳೆಯಲಿಲ್ಲ.

ಟೆರೇಸ್ ಹತ್ತಿ. ಮೇಲೆ ಶೀಟ್ ಹಾಕಿದ್ದಾರಾ? ಮಂಗಳೂರಿನಲ್ಲಿ ಎಷ್ಟೋ ಟೆರೇಸ್ ಮನೆಗಳ ಮೇಲೆ ಶೀಟಿನ ಮಾಡು ಇರುವುದು ಬಟ್ಟೆ ಒಣಗಿಸಲು ಅಂತ ಮಾತ್ರ ಅಲ್ಲ, ಸ್ಲ್ಯಾಬ್ ಸೋರದಿರಲಿ ಅಂತ. ಶೀಟ್ ಇಲ್ಲದಿದ್ದರೆ ಅದರ ಖರ್ಚನ್ನು ಈಗಲೇ ಮನೆಯ ಬೆಲೆಗೆ ಸೇರಿಸಿ. ಫ್ಲಾಟಿನ ಕೊನೆಯ ಮಹಡಿ ಆದರೆ ಇದು ಇನ್ನೂ ಮುಖ್ಯ. ಮೇಲಿನ ಶೀಟ್ ಯಾರ ಖರ್ಚು, ಅಸೋಸಿಯೇಷನ್‌ನದ್ದಾ ನಿಮ್ಮದಾ, ಬರಹದಲ್ಲಿ ತಿಳಿದುಕೊಳ್ಳಿ.

ನನ್ನ ಹೆಂಡತಿ ಹೋದ ಪ್ರತಿ ಮನೆಯಲ್ಲೂ ಒಂದು ಪ್ರಶ್ನೆ ಕೇಳುತ್ತಿದ್ದಳು: "ಜುಲೈಯಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತೀರಿ?" ಮೊದಲು ನನಗೆ ಇದೇನು ಅಷ್ಟು ದೊಡ್ಡ ವಿಷಯ ಅನ್ನಿಸಿತ್ತು. ಆಮೇಲೆ ಅರ್ಥವಾಯಿತು. ಮಳೆಯಲ್ಲೂ ಗಾಳಿ ಆಡುವ, ಎರಚಲು ಬಾರದ ಒಂದು ಜಾಗ ಮನೆಯಲ್ಲಿ ಇದೆಯಾ ಅಂತ ಅವಳು ಕೇಳುತ್ತಿದ್ದದ್ದು. ಅಂಥ ಜಾಗ ಇರುವ ಮನೆಯಲ್ಲಿ ಉಳಿದದ್ದೂ ಸಾಮಾನ್ಯವಾಗಿ ಸರಿ ಇರುತ್ತದೆ. ಇಲ್ಲದ ಮನೆಯಲ್ಲಿ ಬಟ್ಟೆ ಫ್ಯಾನಿನ ಕೆಳಗೆ, ಕುರ್ಚಿ ಮೇಲೆ, ಮಕ್ಕಳ ಯೂನಿಫಾರ್ಮ್ ಇಸ್ತ್ರಿಪೆಟ್ಟಿಗೆಯ ಬಿಸಿಯಲ್ಲಿ.

ಹಳೇ ಹೆಂಚಿನ ಮನೆ ಸಿಕ್ಕಿದರೆ ಹಗುರಾಗಿ ಬಿಡಬೇಡಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಶುರು ಮಾಡಿದ ಹೆಂಚಿನ ಕೆಲಸ ಈ ಊರಿನ ಮಳೆಗೇ ಹೇಳಿ ಮಾಡಿಸಿದ ಹಾಗಿದೆ. ಇಳಿಜಾರು ಮಾಡಿನಲ್ಲಿ ನೀರು ನಿಲ್ಲುವುದಿಲ್ಲ, ಒಳಗೆ ತಂಪು. ನೋಡಬೇಕಾದ್ದು ಮರ. ಪಕ್ಕಾಸು, ರೀಪುಗಳಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಶಬ್ದ ಬಂದರೆ ಸರಿ. ಟೊಳ್ಳು ಶಬ್ದ ಬಂದರೆ ಒಳಗೆ ಗೆದ್ದಲು ತಿಂದು ಮುಗಿಸಿದೆ. ವರ್ಷ ವರ್ಷ ಹೆಂಚು ಕೈಯಾಡಿಸುವವರು ಹತ್ತಿರದಲ್ಲಿ ಸಿಗುತ್ತಾರಾ ಅಂತಲೂ ಕೇಳಿ, ಈಗ ಆ ಕೆಲಸದವರು ಕಡಿಮೆ.

ಕಡಲಿಗೆ ಹತ್ತಿರವಾದರೆ ಕಂಬ, ತೊಲೆಗಳ ಅಡಿ ನೋಡಿ. ಕಾಂಕ್ರೀಟ್ ಸಿಪ್ಪೆ ಎದ್ದು ಒಳಗಿನ ಕಬ್ಬಿಣ ಕಾಣುತ್ತಿದ್ದರೆ ಉಪ್ಪು ಗಾಳಿ ಒಳಗೆ ಸೇರಿದೆ. ಆಗ ಬಣ್ಣದವರ ಮಾತು ಸಾಕಾಗುವುದಿಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ. ಅವರಿಗೆ ಕೊಡುವ ಕೆಲವು ಸಾವಿರ ಈ ವ್ಯವಹಾರದಲ್ಲೇ ಅತಿ ಸಾರ್ಥಕ ಖರ್ಚು.

ಹೆಜ್ಜೆ 5: ಸೆಕೆಯಲ್ಲಿ ಇನ್ನೊಂದು ಸಲ

ಏಪ್ರಿಲ್‌ನಲ್ಲಿ ರಾತ್ರಿ ಎಂಟು ಗಂಟೆಗೆ ಹೋಗಿ ಮಲಗುವ ಕೋಣೆಯ ಗೋಡೆ ಮುಟ್ಟಿ. ಹಗಲಿಡೀ ಬಿಸಿಲು ಕುಡಿದ ಗೋಡೆ ಆಗ ಶಾಖ ಬಿಡುತ್ತಿರುತ್ತದೆ. ಎದುರು ಬದುರು ಕಿಟಕಿ ಇದ್ದು ಗಾಳಿ ಆಚೆಯಿಂದ ಈಚೆಗೆ ಹೋಗುವ ಮನೆಗೆ ಎಸಿ ಒಂದು ಸಾಕು. ಇಲ್ಲದಿದ್ದರೆ ಮೂರು ಬೇಕು, ಕರೆಂಟ್ ಬಿಲ್ಲೂ ಹಾಗೇ.

ಹೆಜ್ಜೆ 6: ಬಾವಿ

ಇಷ್ಟು ಮಳೆ ಬೀಳುವ ಊರಿನಲ್ಲಿ ಬೇಸಗೆಯಲ್ಲಿ ನೀರಿಗೆ ಪರದಾಟ. ನಗರಕ್ಕೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಅಲ್ಲಿ ನೀರು ಇಳಿದರೆ ಸರದಿ ಮೇಲೆ ಬಿಡುತ್ತಾರೆ. 2016, 2019, 2023ರ ಬೇಸಗೆಗಳಲ್ಲಿ ಹಾಗೇ ಆಯಿತು. ಹಾಗಾಗಿ ಮೇ ತಿಂಗಳಲ್ಲೂ ಬತ್ತದ ಬಾವಿ ಇರುವ ಮನೆಗೆ ನಾನು ನಾಲ್ಕು ಲಕ್ಷ ಜಾಸ್ತಿ ಕೊಡಲು ತಯಾರು.

ಬಾವಿಯ ಒಳಗೋಡೆ ನೋಡಿ, ಬೇಸಗೆಯ ನೀರಿನ ಮಟ್ಟದ ಗೆರೆ ಕಾಣುತ್ತದೆ. ನೀರನ್ನು ಲ್ಯಾಬಿಗೆ ಕೊಡಿ. ಕೆಂಪುಕಲ್ಲಿನ ನೆಲದಲ್ಲಿ ನೀರು ಸುಲಭವಾಗಿ ಹರಿಯುತ್ತದೆ, ಟಾಯ್ಲೆಟ್ ಗುಂಡಿಯದ್ದೂ ಸೇರಿ. ನಿಮ್ಮ ಗುಂಡಿ ಮಾತ್ರ ಅಲ್ಲ, ಪಕ್ಕದ ಮನೆಯವರದ್ದು ಎಲ್ಲಿದೆ ನೋಡಿ. 50 ಅಡಿಯಾದರೂ ದೂರ ಇರಲಿ. ಕಡಲ ಹತ್ತಿರ, ಅಳಿವೆ ಹತ್ತಿರ ಏಪ್ರಿಲ್ ಮೇ ತಿಂಗಳಲ್ಲಿ ಬಾವಿ ನೀರು ಉಪ್ಪಾಗುವುದುಂಟು, ಆಗಲೇ ಒಂದು ಲೋಟ ಕುಡಿದು ನೋಡಿ. ಫ್ಲಾಟ್ ಆದರೆ ಹೋದ ಮೇ ತಿಂಗಳಲ್ಲಿ ಟ್ಯಾಂಕರಿಗೆ ಎಷ್ಟು ಕೊಟ್ಟರು ಅಂತ ಅಸೋಸಿಯೇಷನ್ ಲೆಕ್ಕದ ಪುಸ್ತಕ ಕೇಳಿ.

ಹೆಜ್ಜೆ 7: ಕಾಗದ

ಗೋಡೆಯ ತೇವವನ್ನು ದುಡ್ಡು ಹಾಕಿ ಸರಿ ಮಾಡಬಹುದು. ಕಾಗದದ ತೊಂದರೆ ಮೊಮ್ಮಕ್ಕಳವರೆಗೆ ಬರುತ್ತದೆ. ಬ್ಯಾಂಕಿನ ವಕೀಲರು ನೋಡುತ್ತಾರಲ್ಲ ಅಂತ ಬಿಡಬೇಡಿ, ಅವರು ನೋಡುವುದು ಬ್ಯಾಂಕಿಗಾಗಿ. ನಿಮ್ಮದೇ ಒಬ್ಬ ವಕೀಲರನ್ನು ಹಿಡಿಯಿರಿ. ಅವರು ದಕ್ಷಿಣ ಕನ್ನಡದ ಭೂಮಿಯ ಹಳೇ ಕಾಗದ ಓದಿದವರಾಗಿರಲಿ, ಯಾಕೆಂದರೆ ಇಲ್ಲಿನ ಕೆಲವು ಗಂಟುಗಳು ಬೇರೆ ಜಿಲ್ಲೆಯವರಿಗೆ ಗೊತ್ತೇ ಇರುವುದಿಲ್ಲ.

ಒಂದು, ಮೂಲಗೇಣಿ. ನಗರದ ಹಳೇ ಭಾಗಗಳಲ್ಲಿ ಎಷ್ಟೋ ಜಾಗಗಳು ವರ್ಗದಾರರಿಂದ, ಅಂದರೆ ಮೂಲ ಒಡೆಯರಿಂದ, ಶಾಶ್ವತ ಗೇಣಿಗೆ ಪಡೆದವು. ವಾಸ ಮಾಡುವವರಿಗೆ ಗೇಣಿ ಹಕ್ಕು, ಮೂಲ ಹಕ್ಕು ಇನ್ನೊಬ್ಬರದ್ದು. ಗೇಣಿದಾರರಿಗೆ ಮಾಲಿಕತ್ವ ಕೊಡಲು ರಾಜ್ಯ ಸರ್ಕಾರ ಕಾನೂನು ಮಾಡಿದೆ. ಆದರೂ ನೀವು ನೋಡುವ ಜಾಗದ ಸ್ಥಿತಿ ಏನು, ಮಾರಲು ವರ್ಗದಾರರ ಒಪ್ಪಿಗೆ ಬೇಕು ಅಂತ ಮೂಲಗೇಣಿ ಚೀಟಿನಲ್ಲಿ ಬರೆದಿದೆಯಾ ಅಂತ ನೋಡಲೇಬೇಕು.

ಎರಡು, ಡಿಕ್ಲರೇಶನ್ ಜಾಗ. ಭೂಸುಧಾರಣೆಯಲ್ಲಿ, 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರಕ್ಕೆ ಸೇರಿ, ಉಳುವವರಿಗೆ ಭೂನ್ಯಾಯಮಂಡಳಿ ಹಕ್ಕು ಕೊಟ್ಟಿತು. ಆ ಆದೇಶದ ಪ್ರತಿ, ಹಕ್ಕುಪತ್ರ ಎರಡೂ ಕೇಳಿ. ಮೂರು, ಕುಮ್ಕಿ. ವರ್ಗ ಜಾಗದ, ಅಂದರೆ ಪಟ್ಟಾ ಇರುವ ಜಾಗದ, ಸುತ್ತ ನೂರು ಗಜದೊಳಗಿನ ಸರ್ಕಾರಿ ಜಮೀನಿನಲ್ಲಿ ಸೊಪ್ಪು, ಸೌದೆಗೆ ಇದ್ದ ಸೌಲಭ್ಯ ಅದು, ಒಡೆತನ ಅಲ್ಲ. "ಎಂಟು ಸೆಂಟ್ಸ್ ಪಟ್ಟಾ, ಮೂರು ಸೆಂಟ್ಸ್ ಕುಮ್ಕಿ, ಒಟ್ಟು ಹನ್ನೊಂದು" ಅಂತ ಬೆಲೆ ಹೇಳಿದರೆ ನೀವು ಬೆಲೆ ಕಟ್ಟಬೇಕಾದ್ದು ಎಂಟಕ್ಕೆ ಮಾತ್ರ.

ನಾಲ್ಕನೆಯದು ಕುಟುಂಬದ ಹಕ್ಕು. ಅಳಿಯಸಂತಾನದ ಕುಟುಂಬಗಳಲ್ಲಿ ಹಕ್ಕು ಹೆಣ್ಣಿನ ಕಡೆಯಿಂದ ಬಂದದ್ದು. ಮಾವನ ಹೆಸರಿನಲ್ಲಿ ಪಹಣಿ ಇದ್ದರೂ ಅಕ್ಕ ತಂಗಿಯರ, ಅವರ ಮಕ್ಕಳ ಪಾಲು ಇರಬಹುದು. ವಂಶವೃಕ್ಷ ಬರೆಸಿ. ಪಾಲುಪಟ್ಟಿ ನೋಂದಣಿ ಆಗಿದೆಯಾ ನೋಡಿ. ಮುಂಬಯಿಯಲ್ಲಿರುವ ಒಬ್ಬ ತಂಗಿ, ಕುವೈತಿನಲ್ಲಿರುವ ಒಬ್ಬ ಅಳಿಯ ಸಹಿ ಹಾಕಿಲ್ಲ ಅಂತಾದರೆ ಹಾಕಿಸಿದ ಮೇಲೆಯೇ ಮುಂದುವರಿಯಿರಿ. "ಅವರೇನೂ ಹೇಳುವುದಿಲ್ಲ ಮಾರಾಯ್ರೆ" ಅನ್ನುವ ಮಾತಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ.

ಉಳಿದವು ಎಲ್ಲ ಕಡೆಯ ಹಾಗೇ: 30 ವರ್ಷದ ಹಿಂದಿನಿಂದ ಕ್ರಯಪತ್ರಗಳು, ಇ.ಸಿ. (ಋಣಭಾರ ಪ್ರಮಾಣಪತ್ರ), ಕೃಷಿ ಜಾಗವನ್ನು ಮನೆಗೆ ಬದಲಿಸಿದ ಕನ್ವರ್ಷನ್ ಆದೇಶ, ಸೈಟಿನ ಅಪ್ರೂವಲ್, ಕಟ್ಟಡದ ಲೈಸೆನ್ಸ್, ಡೋರ್ ನಂಬರ್, ತೆರಿಗೆ ರಸೀದಿ. ಪಂಚಾಯತ್ ವ್ಯಾಪ್ತಿಯಲ್ಲಿ 9/11, ಅಂದರೆ ಪಂಚಾಯತ್ ಕೊಡುವ ನಮೂನೆ 9 ಮತ್ತು 11. ಇ-ಖಾತಾ ಇಲ್ಲದೆ ಈಗ ರಿಜಿಸ್ಟ್ರೇಷನ್ ಆಗುವುದಿಲ್ಲ. ಬರೀ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಮಾರಾಟ ಅಂದರೆ ಬೇಡ. ಜಿಪಿಎಯಿಂದ ಒಡೆತನ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಹೊಸ ಫ್ಲಾಟಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ನೋಡಿ. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಎಂಟಕ್ಕಿಂತ ಜಾಸ್ತಿ ಮನೆ ಕಟ್ಟುವ ಪ್ರಾಜೆಕ್ಟ್ ಅಲ್ಲಿ ನೋಂದಣಿ ಆಗಿರಲೇಬೇಕು. ನೋಂದಾಯಿತ ಕರಾರು ಮಾಡದೆ 10%ಗಿಂತ ಜಾಸ್ತಿ ದುಡ್ಡು ಕೇಳುವಂತಿಲ್ಲ. ಕೀಲಿ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಾಮಗಾರಿಯ ದೋಷ ಕಂಡುಬಂದರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು. ಗೋಡೆ ಒಸರಿದರೆ ಇದೇ ಮಾತು ಹಿಡಿದು ಬರಹದಲ್ಲಿ ದೂರು ಕೊಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ನಮ್ಮೂರಿನ ವಿಷಯ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು 1% ಟಿಡಿಎಸ್ ಹಿಡಿದು ಕಟ್ಟಬೇಕು. ಮಾರುವವರು ಗಲ್ಫಿನಲ್ಲಿ ನೆಲೆಸಿದ ಎನ್‌ಆರ್‌ಐ ಆದರೆ ಆ ಲೆಕ್ಕವೇ ಬೇರೆ, ಎಷ್ಟೋ ಜಾಸ್ತಿ ಹಿಡಿಯಬೇಕಾಗುತ್ತದೆ. ಹಿಡಿಯದಿದ್ದರೆ ಇಲಾಖೆ ಕೇಳುವುದು ನಿಮ್ಮನ್ನು. ಮಾತುಕತೆಯ ಮೊದಲ ದಿನವೇ ಇದನ್ನು ಹೇಳಿ, ಒಬ್ಬ ಸಿಎ ಹತ್ತಿರ ಹೋಗಿ.

ಹೆಜ್ಜೆ 8: ಮುಂಗಡ ಮತ್ತು ಮೊದಲ ಮಳೆಗಾಲ

ಟೋಕನ್ ಅಂತ ಸುಮ್ನೆ ದುಡ್ಡು ಕೊಡಬೇಡಿ. ಕರಾರು ಬರೆಸಿ ಕೊಡಿ. ಅದರಲ್ಲಿ ಮೂರು ಮಾತು ಇರಲಿ. ನಿಮ್ಮ ವಕೀಲರು ಕಾಗದ ಸರಿ ಇಲ್ಲ ಅಂದರೆ ಮುಂಗಡ ಪೂರ್ತಿ ವಾಪಸು. ಬ್ಯಾಂಕ್ ಆ ಆಸ್ತಿಗೆ ಸಾಲ ಕೊಡದಿದ್ದರೂ ವಾಪಸು. ಎಷ್ಟು ದಿನದ ಒಳಗೆ ವಾಪಸು ಅನ್ನುವುದೂ ಬರಹದಲ್ಲಿ ಬೇಕು.

ನಾವು ಕೊನೆಗೆ ಕೊಂಡ ಮನೆ ಹನ್ನೆರಡು ವರ್ಷ ಹಳತು. ಆಟಿಯಲ್ಲಿ ಮೂರು ಸಲ ಹೋಗಿ ನೋಡಿದೆವು. ಸ್ಟೋರ್ ರೂಮಿನಲ್ಲಿ ಒಂದು ಮೂಲೆ ಒಸರುತ್ತಿತ್ತು. ಮಾರುವವರು ಅದನ್ನು ತಾವೇ ತೋರಿಸಿ, "ಇಲ್ಲಿ ಪ್ರತಿ ವರ್ಷ ಹೀಗೆಯೇ" ಅಂದರು. ಆ ಒಂದು ಮಾತಿನಿಂದ ನಮಗೆ ಉಳಿದ ಮನೆಯ ಬಗ್ಗೆಯೂ ನಂಬಿಕೆ ಬಂತು. ಸೋಣದಲ್ಲಿ ದೊಡ್ಡಮ್ಮನ ಕೈಯಿಂದಲೇ ಮುಂಗಡ ಕೊಡಿಸಿದೆವು.

ಕೊಂಡ ಮೇಲೆ ಕೈಯಲ್ಲಿ ಒಂದು ಲಕ್ಷವಾದರೂ ಉಳಿಸಿಕೊಳ್ಳಿ. ಮೊದಲ ವರ್ಷ ಪತ್ತನಾಜೆಯ ಒಳಗೆ, ಅಂದರೆ ಮೇ 24ರ ಸುಮಾರಿಗೆ, ಇಷ್ಟು ಕೆಲಸ ಮುಗಿದಿರಬೇಕು: ಟೆರೇಸಿನ ಪೈಪುಗಳ ಬಾಯಿ ಬಿಡಿಸಿ ಬಲೆ ಹಾಕಿಸುವುದು, ಪಶ್ಚಿಮದ ಗೋಡೆಯ ಬಿರುಕು ತುಂಬಿಸಿ ಹೊರಗಿನ ಬಣ್ಣ ಬಳಿಸುವುದು, ಶೀಟಿನ ಬೋಲ್ಟುಗಳ ವಾಷರ್ ಬದಲಿಸುವುದು, ಮನೆ ಕಡೆ ವಾಲಿದ ತೆಂಗಿನ ಒಣಗರಿ, ಕಾಯಿ ಇಳಿಸುವುದು, ಗೇಟಿನೆದುರಿನ ಚರಂಡಿಯ ಹೂಳು ತೆಗೆಸುವುದು. ತೆಂಗಿನ ಮರ ಹತ್ತುವವರಿಗೆ ಏಪ್ರಿಲ್‌ನಲ್ಲೇ ಹೇಳಿಡಿ. ಮೇ ತಿಂಗಳಲ್ಲಿ ಅವರು ಯಾರಿಗೂ ಸಿಗುವುದಿಲ್ಲ.